ಅಕ್ಕನ ಫಂಕ್ಷನ್‌ಗಳಿಗೆ ಕೈ ಹಚ್ಚದೆ

ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದ ಕಂಪ್ಯೂಟರ್ ಕೋಣೆಯಲ್ಲಿ ಅಕ್ಕತಂಗಿ ಇಬ್ಬರೂ ಕೆಲಸ ಮಾಡುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ದೊಡ್ಡವರು, ಚಿಕ್ಕವರು. ವರದಿ ತಯಾರಿಸುವ ಪೈಥಾನ್ ಭಾಷೆಯ ಪ್ರೋಗ್ರಾಂ ಬರೆದವರು ದೊಡ್ಡವರು. ಅವರು ಮೂರೇ ದಿನದ ಜ್ವರಕ್ಕೆ ತೀರಿಕೊಂಡರು.

ಎರಡು ವಾರ ಬಿಟ್ಟು ಚಿಕ್ಕವರು ಕೆಲಸಕ್ಕೆ ಬಂದರು. ಅಳಲಿಲ್ಲ. ಕಲ್ಲು ಮನಸ್ಸು ಎಂದು ಕೆಲವರು ಆಡಿಕೊಂಡರು. ಅವರಿಗಾದರೋ ಮಡಚಿ ಕೂತ ಕಾಲಿನಂತೆ ಮೈಯೆಲ್ಲ ಜೋಮು ಹಿಡಿದಿತ್ತು.

ಅದೇ ವಾರ ವಿಭಾಗದ ಮುಖ್ಯ ಡಾಕ್ಟರು, ಯಾವ ವರದಿಯನ್ನು ಯಾರು ಯಾವಾಗ ತೆರೆದರು ಎಂಬುದು ದಾಖಲಾಗಬೇಕು ಎಂದರು. ಅಕ್ಕನ ಪ್ರೋಗ್ರಾಂನಲ್ಲಿ ಫಂಕ್ಷನ್ ಎಂದರೆ ಒಂದು ಬಗೆಯ ವರದಿ ತಯಾರಿಸುವ, ಹೆಸರಿಟ್ಟ ತುಣುಕು; ಒಟ್ಟು ನಲವತ್ಮೂರು. ಪ್ರತಿಯೊಂದರೊಳಗೂ ನಾಲ್ಕು ಸಾಲು ಸೇರಿಸಿದರೆ ಆಯಿತು. ಚಿಕ್ಕವರು ಕಡತ ತೆರೆದರು. ಅಕ್ಕನ ಸಾಲುಗಳ ನಡುವೆ ಬೆರಳು ಓಡಲಿಲ್ಲ.

"ಒಳಗೆ ಕೈ ಹಾಕಲ್ಲ ಡಾಕ್ಟರೇ. ಹೊರಗಿಂದಾನೇ ಮಾಡ್ತೀನಿ."

ಅದಕ್ಕೆ ದಾರಿಯಿತ್ತು. ಡೆಕೊರೇಟರ್ ಎಂಬ ಇನ್ನೊಂದು ಫಂಕ್ಷನ್ ಬರೆದರು. ಅದು ಹಳೆಯ ಫಂಕ್ಷನ್ನನ್ನು ಸುತ್ತುವರಿದು, ಮೊದಲು ದಾಖಲೆ ಬರೆದು, ಆಮೇಲೆ ಅದನ್ನು ಅದರ ಪಾಡಿಗೆ ನಡೆಯಲು ಬಿಡುತ್ತದೆ. ಪ್ರತಿ ಫಂಕ್ಷನ್ನಿನ ತಲೆಯ ಮೇಲೆ @ ಚಿಹ್ನೆಯ ಒಂದೇ ಸಾಲು. ಸಂಜೆಯೊಳಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಲ್ಯಾಬಿನವರು ಬಂದು ನಿಂತರು. ಪರದೆಯ ಮೇಲಿನ ವರದಿಗಳ ಪಟ್ಟಿ ಫಂಕ್ಷನ್‌ಗಳ ಹೆಸರಿನಿಂದಲೇ ತಯಾರಾಗುತ್ತಿತ್ತು. ಈಗ ನಲವತ್ಮೂರು ಕಡೆಯೂ ಹೊಸ ಹೊದಿಕೆಯ ಹೆಸರಾದ 'ವ್ರ್ಯಾಪರ್' ಎಂದೇ ಇತ್ತು.

"ಎಲ್ಲಕ್ಕೂ ಒಂದೇ ಹೆಸರಿಟ್ರೆ ನಾವು ಯಾರನ್ನ ಅಂತ ಕರೆಯೋದು, ಚಿಕ್ಕವರೇ?"

ಹಾಗೆ ಸುತ್ತಿದ ಫಂಕ್ಷನ್ ತನ್ನ ಹೆಸರನ್ನೂ, ಬರೆದವರು ಅದರ ಮೊದಲಲ್ಲಿ ಟಿಪ್ಪಣಿಯಾಗಿ ಬರೆದಿಟ್ಟ ವಿವರಣೆಯನ್ನೂ ಕಳೆದುಕೊಳ್ಳುತ್ತದೆ. 'ವ್ರ್ಯಾಪ್ಸ್' ಎಂಬ ಒಂದು ಸಾಲನ್ನು ಡೆಕೊರೇಟರ್‌ನೊಳಗೆ ಸೇರಿಸಿದರೆ ಎರಡೂ ಉಳಿಯುತ್ತವೆ. ಗೊತ್ತಿದ್ದ ಸಂಗತಿಯೇ, ಮರೆತಿದ್ದರು. ಸೇರಿಸಿದರು. ಸರಿಯಾಯಿತೋ ಇಲ್ಲವೋ ನೋಡಲು ಒಂದೊಂದೇ ವಿವರಣೆ ತೆರೆದು ಓದಿದರು. ಹಿಂದೆ ಓದಿರಲಿಲ್ಲ, ಪಕ್ಕದ ಕುರ್ಚಿಯಲ್ಲೇ ಅಕ್ಕ ಇದ್ದಾಗ ಓದುವವರು ಯಾರು?

ಸಕ್ಕರೆ ಪ್ರಮಾಣದ ಫಂಕ್ಷನ್ನಿನಲ್ಲಿ ಹೀಗಿತ್ತು: "ಊಟಕ್ಕೆ ಮೊದಲೋ ನಂತರವೋ ನೋಡಿಕೊಳ್ಳಬೇಕು. ಈ ಉಪಾಯ ಚಿಕ್ಕವಳದು. ತಪ್ಪಿದರೆ ಬೈಗುಳ ನನಗಿರಲಿ."

ಎರಡು ಸಲ ಓದಿದರು. ಏನೂ ಉಕ್ಕಿ ಬರಲಿಲ್ಲ. ಮುಂದಿನದನ್ನು ತೆರೆದರು. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಮೊದಲಿನಂತಾಯಿತು, ದಾಖಲೆಯೂ ಸರಿಯಾಗಿ ಬೀಳತೊಡಗಿತು. ಡಾಕ್ಟರು ಭೇಷ್ ಎಂದರು.

ಸಂಜೆ ಮನೆಯಲ್ಲಿ, ಅಕ್ಕ ಬರೆದಿಟ್ಟಿದ್ದ ಆ ಬೈಗುಳದ ಮಾತನ್ನು ಅಮ್ಮನಿಗೆ ಹೇಳಿದರು. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದರು.

"ಅವಳು ಯಾವಾಗ್ಲೂ ಹಾಗೇ ಅಲ್ವಾ," ಎಂದರು.

"ಹೌದಮ್ಮ."

ಚಿಕ್ಕವರು ಪಕ್ಕದಲ್ಲಿ ಕೂತು, ಒಂದು ಚಾದರದ ಇನ್ನೊಂದು ತುದಿ ಹಿಡಿದರು.