ಸಾಯ್ರಗುಲ್ ಎಜೆಯ ಎರಡನೇ ಪೀರಿಯಡ್

ಬಿಷ್ಕೆಕ್‌ನ ಆ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಎರಡನೇ ಪೀರಿಯಡ್ ಸಾಯ್ರಗುಲ್ ಎಜೆಯದು. ಎಜೆ ಎಂದರೆ ಅಕ್ಕ. ಟೀಚರನ್ನೂ ಇಲ್ಲಿ ಹಾಗೇ ಕರೆಯುವುದು. ಉಳಿದ ಪಾಠಗಳೆಲ್ಲ ವಿದೇಶದ ಪಠ್ಯಕ್ರಮದವು. ದೇಶದ ಪಠ್ಯಕ್ರಮದಿಂದ ಉಳಿದುಕೊಂಡದ್ದು ಕಿರ್ಗಿಜ್ ಭಾಷೆಯ ಪಾಠವೊಂದೇ. ಮಕ್ಕಳ ಅಪ್ಪ ಅಮ್ಮಂದಿರಿಗೆ ಅದೊಂದು ಹೇಗೋ ಮುಗಿದರೆ ಸಾಕಾಗಿತ್ತು.

ಎಜೆ ಇದಕ್ಕೆಲ್ಲ ಸೊಪ್ಪು ಹಾಕುವವರಲ್ಲ. ಐವತ್ತು ದಾಟಿದ ಮೇಲೂ ಚಹಾ ಕಾಯಿಸುವ ಸಮೋವರ್ ಹೊತ್ತುಕೊಂಡು, ಬಸ್ಸು ಬದಲಿಸಿ ಬರುತ್ತಿದ್ದರು. ಪುಸ್ತಕದಲ್ಲಿ ‘ಅತಿಥಿ ಬಂದಾಗ’ ಎಂಬ ಪಾಠವಿದ್ದರೆ ಅವತ್ತು ತರಗತಿಯಲ್ಲಿ ಚಹಾ ಕುದಿಯಲೇಬೇಕು. ಬಾಯಿಗೆ ಬಂದದ್ದು ಕೈಗೂ ಬರಬೇಕು ಎಂಬುದು ಅವರ ಹಟ. ಅಂಥ ಹಟ ಎಲ್ಲ ಟೀಚರುಗಳಿಗೂ ಇರಬಾರದೇ!

ಹಿಂದಿನ ಚಳಿಗಾಲದಲ್ಲಿ ಜಿಬೆಕ್ ಎಂಬ ಹುಡುಗಿ ಅಳುತ್ತಾ ಬಂದಿದ್ದಳು. ನರೀನ್ ಕಡೆಯ ಬೆಟ್ಟದೂರಿನಿಂದ ಬಂದ ತನ್ನ ಅಜ್ಜಿಗೆ ಪ್ರೀತಿಯಿಂದ ಬಟ್ಟಲಿನ ಅಂಚಿನವರೆಗೆ ಚಹಾ ಸುರಿದು ಕೊಟ್ಟಿದ್ದಳು. ಅಜ್ಜಿ ಬಟ್ಟಲು ಕೆಳಗಿಟ್ಟು, ಶಾಲು ಹೊದ್ದು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರಂತೆ.

“ಅಯ್ಯೋ ಮಂಕೇ, ತುಂಬಿಸಿ ಕೊಟ್ರೆ ‘ಕುಡಿದು ಹೊರಡಿ’ ಅಂದ ಹಾಗೆ! ಎರಡು ಗುಟುಕು ಹಾಕ್ಬೇಕು ಅಷ್ಟೆ. ಮತ್ತೆ ಮತ್ತೆ ಕೇಳ್ತಾ ಇನ್ನೊಂಚೂರು ಹೊತ್ತು ಕೂತಿರ್ಲಿ ಅಂತ,” ಎಂದು ಎಜೆ ಅವಳ ಕೈ ಹಿಡಿದು ಸುರಿಯುವುದನ್ನು ಕಲಿಸಿದರು. ವಸಂತದಲ್ಲಿ ಅಜ್ಜಿ ಮತ್ತೆ ಬಂದು, ಮೊಮ್ಮಗಳ ಕೈಯ ಚಹಾ ಕುಡಿದು ಕುಡಿದು ಸುಸ್ತಾದರು.

ಈ ವರ್ಷ ಬ್ರೆನ್ನರ್ ಎಂಬ ಹೊಸ ಪ್ರಿನ್ಸಿಪಾಲರು ಹೊರದೇಶದಿಂದ ಬಂದರು. ಕಿರ್ಗಿಜ್ ಪಾಠವನ್ನು ಶಾಲೆ ಬಿಟ್ಟ ಮೇಲಿನ ಹೊತ್ತಿಗೆ ಇಡೋಣ, ಬೇಕಾದವರು ಕೂರಲಿ ಎಂಬುದು ಅವರ ಯೋಚನೆ. ಆ ಹೊತ್ತಿಗೆ ಗೇಟಿನಲ್ಲಿ ಕಾರುಗಳು ಕಾಯುತ್ತಿರುತ್ತವೆ, ಒಂದು ನರಪಿಳ್ಳೆಯೂ ಉಳಿಯುವುದಿಲ್ಲ. ಪಾಠಕ್ಕೆ ಎಳ್ಳುನೀರು ಬಿಟ್ಟಂತೆಯೇ ಸರಿ. ಆದರೂ ಒಮ್ಮೆ ತರಗತಿಯಲ್ಲಿ ಕೂತು ನೋಡಿ ತೀರ್ಮಾನಿಸುತ್ತೇನೆ ಎಂದರು.

ಬಂದರು, ಕೂತರು. ಜಿಬೆಕ್ ಎದೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯಲ್ಲಿ ಬಟ್ಟಲು ನೀಡಿದಳು. ಅಂಚಿನವರೆಗೆ ಚಹಾ ತುಂಬಿತ್ತು.

“ಓಹೋ, ಎಷ್ಟು ಧಾರಾಳ!” ಎಂದು ಬ್ರೆನ್ನರ್ ರಷ್ಯನ್ನಿನಲ್ಲಿ ಹಿಗ್ಗಿದರು. ಮಕ್ಕಳು ತುಟಿ ಕಚ್ಚಿ ನಗು ತಡೆದುಕೊಂಡರು. ಎಜೆಯ ಮುಖ ಬಿಳಿಚಿತು. ಸುಮ್ಮನಿದ್ದುಬಿಟ್ಟಿದ್ದರೆ ಪಾಠ ಉಳಿಯುತ್ತಿತ್ತೇನೋ. ಆದರೆ ತನ್ನ ತರಗತಿಗೆ ಬಂದವರಿಗೆ ಅವಮಾನ ಮಾಡಿ, ಅದು ತಿಳಿಯದ ಅವರನ್ನು ನೋಡಿ ನಗುವುದೇ?

ಎಜೆ ಆ ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟರು. “ಕ್ಷಮಿಸಿ ಸಾಹೇಬ್ರೇ. ಇಷ್ಟು ತುಂಬಿಸಿ ಕೊಟ್ರೆ ನಮ್ಮಲ್ಲಿ ‘ಎದ್ದು ಹೋಗಿ’ ಅಂತ ಅರ್ಥ.”

ಬ್ರೆನ್ನರ್ ಕಿವಿ ಕೆಂಪಾಯಿತು. “ಈ ಹುಡುಗಿ ನನಗೆ ಹೋಗು ಅಂದ್ಲಾ?”

“ಹೌದು. ತಪ್ಪಿಲ್ಲದೆ ಹೇಳಿದ್ಲು, ಅದಕ್ಕೆ ಐದಕ್ಕೆ ಐದು. ಆದ್ರೆ ಮನೆಗೆ ಬಂದ ಅತಿಥಿಗೆ ಹೇಳಿದ್ಲು, ಅದಕ್ಕೆ ಎರಡು. ಫೇಲು.”

“ಯಾಕಮ್ಮಾ ಹಾಗೆ ಮಾಡ್ದೆ?” ಎಂದು ಬ್ರೆನ್ನರ್ ಕೇಳಿದರು.

ಜಿಬೆಕ್ ತಲೆ ತಗ್ಗಿಸಲಿಲ್ಲ. “ನೀವು ನಮ್ಮ ಎಜೆನ ಸ್ಕೂಲ್ ಬಿಟ್ಮೇಲೆ ಬಾ ಅಂತೀರಂತೆ. ಆಗ ನಾವ್ಯಾರೂ ಇರಲ್ಲ. ಆಮೇಲೆ ಎಲ್ರೂ ಅವರವರ ಅಜ್ಜೀನ ಓಡಿಸ್ತಾ ಇರ್ತಾರೆ.”

ಬ್ರೆನ್ನರ್ ಬೇರೆ ಬಟ್ಟಲು ಕೇಳಿದರು. ಜಿಬೆಕ್ ಈ ಸಲ ಎರಡೇ ಗುಟುಕು ಹಾಕಿದಳು. ಅವರು ಕುಡಿದು ಮತ್ತೆ ಬಟ್ಟಲು ಚಾಚಿದರು. ಗಂಟೆ ಹೊಡೆದ ಮೇಲೂ ಚಾಚುತ್ತಲೇ ಇದ್ದರು.

ಮುಂದಿನ ವಾರ ಹೊಸ ವೇಳಾಪಟ್ಟಿಯನ್ನು ಅವರೇ ತಂದುಕೊಟ್ಟರು. ಕಿರ್ಗಿಜ್ ಎರಡನೇ ಪೀರಿಯಡ್‌ನಲ್ಲೇ ಇತ್ತು.

“ಇನ್ನಾದ್ರೂ ಆ ಹುಡುಗಿಯ ‘ಎರಡು’ ಅಳಿಸಿಬಿಡಿ, ಎಜೆ.”

“ಅದೊಂದು ಆಗಲ್ಲ ಸಾಹೇಬ್ರೇ,” ಎನ್ನುತ್ತಾ ಎಜೆ ಬಟ್ಟಲಿಗೆ ಎರಡು ಗುಟುಕು ಚಹಾ ಹಾಕಿದರು. “ಕೂತ್ಕೊಳ್ಳಿ.”