ಬ್ರಾಕೆಟ್ ಇಲ್ಲದ ನೈಟ್ರೇಟ್

ಚೋರನೂರಿನಾಚೆಯ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತದ ಅತಿಥಿ ಶಿಕ್ಷಕಿ. ವಿಜ್ಞಾನದ ಮೇಷ್ಟ್ರು ರಜೆ ಹಾಕಿದ್ದರಿಂದ ಹತ್ತನೇ ತರಗತಿಯ ರಸಾಯನಶಾಸ್ತ್ರವೂ ನನ್ನ ಪಾಲಿಗೆ ಬಂತು.

ಕಿರುಪರೀಕ್ಷೆಯ ಹಿಂದಿನ ದಿನ ಸಮೀಕರಣ ಸರಿದೂಗಿಸುವುದನ್ನು ಹೇಳಿಕೊಡುತ್ತಿದ್ದೆ. ಹೆಡ್‌ಮಾಸ್ತರರು ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ನನ್ನ ಸೀಮೆಸುಣ್ಣ ಎರಡು ಸಲ ಮುರಿಯಿತು. ಸತುವಿಗೆ ಸಿಲ್ವರ್ ನೈಟ್ರೇಟ್ ಸೇರಿದರೆ ಸತುವಿನ ನೈಟ್ರೇಟ್, ಜೊತೆಗೆ ಬೆಳ್ಳಿ. ಅವಸರದಲ್ಲಿ ZnNO₃ ಎಂದು ಬರೆದು, ‘ಎರಡೂ ಕಡೆ ಒಂದೊಂದೇ ಇದೆ, ಸರಿದೂಗಿಸುವ ಅಗತ್ಯವಿಲ್ಲ’ ಎಂದುಬಿಟ್ಟೆ. ಕನ್ನಡ ಪಾಠ ಮಾಡುವ ಹೆಡ್‌ಮಾಸ್ತರರಿಗೆ ಅದು ಗೊತ್ತಾಗಲಿಲ್ಲ.

ಸಂಜೆ ಬಸ್ಸು ಸಂಡೂರು ದಾಟುವಾಗ ಪುಸ್ತಕ ತೆರೆದೆ. Zn(NO₃)₂. ಸತುವಿಗೆ ಎರಡು ನೈಟ್ರೇಟ್ ಬೇಕು. ಆ ಗುಂಪನ್ನು ಬ್ರಾಕೆಟ್ಟಿನೊಳಗಿಟ್ಟು ಹೊರಗೆ ಎರಡು ಬರೆಯಬೇಕು. ಆಗ ಎಡಕ್ಕೆ ಸಿಲ್ವರ್ ನೈಟ್ರೇಟ್ ಎರಡು, ಬಲಕ್ಕೆ ಬೆಳ್ಳಿಯೂ ಎರಡು. ಮಕ್ಕಳು ಈಗ ಆ ತಪ್ಪನ್ನೇ ಬಾಯಿಪಾಠ ಮಾಡುತ್ತಿರಬಹುದು. ಹೆಡ್‌ಮಾಸ್ತರರಿಗೆ ಫೋನ್ ಮಾಡಿದೆ, ಸಿಗಲಿಲ್ಲ. ಚಿತ್ತವಾಡ್ಗಿಯ ಮನೆ ಸೇರಿದರೂ ಅನ್ನ ಇಳಿಯಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಅದು ಅದಿರಿನ ಲಾರಿಗಳ ಹಿಂದೆ ನಿಂತುಬಿಟ್ಟಿತು.

‘ಜಲ್ದಿ ಹೋಗ್ರಿ, ಪರೀಕ್ಷೆ ಐತಿ’ ಎಂದೆ.

‘ಲಾರಿ ಮ್ಯಾಲೆ ಹಾರಿಸ್ಲೇನ್ರಿ ಮೇಡಂ?’ ಎಂದ ಡ್ರೈವರ್.

ಗಂಟೆ ಹೊಡೆಯಲು ಐದು ನಿಮಿಷವಿರುವಾಗ ತರಗತಿಗೆ ನುಗ್ಗಿದೆ. ‘ನಿನ್ನೆ ನಾನು ತಪ್ಪು ಬರ್ದೀನಿ’ ಎಂದೆ. ಯಾರಿಗೂ ಅಚ್ಚರಿಯಾದಂತೆ ಕಾಣಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

‘ಗೊತ್ತೈತ್ರಿ ಮಿಸ್. ಹೆಡ್‌ಮಾಸ್ತರ್ ಕುಂತಿದ್ರಲ್ರಿ, ನೀವು ಭಾಳ ಹೆದ್ರಿದ್ರಿ. ಅದಕ್ಕ ಸುಮ್ನಿದ್ದೆ. ಆಮ್ಯಾಲೆ ಎಲ್ಲಾರ್ಗೂ ಹೇಳೀನಿ. ಪಕ್ಕದೂರಿನಾಕಿ ಒಬ್ಬಾಕಿ ಸಿಗಲಿಲ್ರಿ.’

ಆ ಪಕ್ಕದೂರಿನ ಹುಡುಗಿ ಬಂದಾಗ ಪ್ರಶ್ನೆಪತ್ರಿಕೆ ಹಂಚಿಯಾಗಿತ್ತು. ಮೂರನೇ ಪ್ರಶ್ನೆ ಅದೇ. ಕಿವಿಯಲ್ಲಿ ಒಂದು ಮಾತು ಹೇಳಬೇಕೆನಿಸಿತು, ಪರೀಕ್ಷೆಯ ನಡುವೆ ಹೇಳುವಂತಿರಲಿಲ್ಲ. ಅವಳ ಪೆನ್ನು ಸರಾಗವಾಗಿ ಓಡುವುದನ್ನು ನೋಡುತ್ತ ನಿಂತೆ.

ಪರೀಕ್ಷೆ ಮುಗಿದ ಮೇಲೆ ನೋಡಿದರೆ, ಅವಳ ಉತ್ತರದಲ್ಲಿ ದುಂಡಗಿನ ಅಕ್ಷರಗಳಲ್ಲಿ ನನ್ನದೇ ವಾಕ್ಯವಿತ್ತು: ಸರಿದೂಗಿಸುವ ಅಗತ್ಯವಿಲ್ಲ. ಆ ಹಾಳೆ ಹಿಡಿದು ಹೆಡ್‌ಮಾಸ್ತರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ.

ಅವರು ಹಾಳೆ ಓದಿ ನನ್ನ ಕೈಗೆ ಮರಳಿಸಿದರು. ‘ಅಂಕ ಕೊಡ್ರಿ. ಆಕಿ ನಿಮ್ಮನ್ನ ನಂಬಿ ಬರ್ದಾಳ. ಆದ್ರ ಇವತ್ತ ಕಲಿಸಿ ಕಳಸ್ರಿ.’

ಶಾಲೆ ಬಿಟ್ಟ ಮೇಲೆ ಅವಳನ್ನು ಕೂರಿಸಿಕೊಂಡು, ತಪ್ಪು ನನ್ನದೆಂದು ಹೇಳಿ, ಮೊದಲಿನಿಂದ ಶುರುಮಾಡಿದೆ. ಮೂರನೇ ಸಲ ಅವಳೇ ಬ್ರಾಕೆಟ್ ಹಾಕಿ ಸರಿಯಾಗಿ ಬರೆದಳು. ಆದರೂ ನಾನು ಪುಸ್ತಕ ತೆರೆದು ಇನ್ನೊಮ್ಮೆ ನೋಡಿಕೊಂಡೆ.