ರೋಗ ಬಂದರೆ ಕುಣಿಯುತ್ತಿದ್ದ ವೀರಭದ್ರಪ್ಪ ಸರ್

ಹತ್ತಿ ಗಿಡ ಬಾಡಿದರೆ ರೈತರು ಜೋಲು ಮುಖ ಹಾಕುತ್ತಿದ್ದರು. ವೀರಭದ್ರಪ್ಪ ಸರ್ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು ಹೊಲದೊಳಗೆ ಓಡುತ್ತಿದ್ದರು. "ಬಂತವ್ವಾ, ರೋಗ ಬಂತು! ಲಗೂ ಬಾ!" ಎಂದು ನನ್ನನ್ನು ಕೂಗುವಾಗ ಅವರಿಗೆ ಮೊಮ್ಮಗ ಹುಟ್ಟಿದಷ್ಟು ಸಂಭ್ರಮ.

ಹತ್ತಿಯ ತಳಿ ಆರಿಸುವುದು ಅವರ ಕೆಲಸ. ನಾನು ಅವರ ಸಹಾಯಕಿ. ಗಂಗಾವತಿಯ ಕಾಲುವೆ ನೀರಿಗೆ ಒಗ್ಗುವ ಹತ್ತಿ ಕುಷ್ಟಗಿಯ ಕೆಂಪು ಮಸಾರಿ ನೆಲಕ್ಕೆ ಒಗ್ಗುವುದಿಲ್ಲ. ಯಲಬುರ್ಗಾದ ಎರೆಮಣ್ಣಿಗಂತೂ ಸೊರಗು ರೋಗದ ಕಾಟ. ಅದಕ್ಕೆ ಜಗ್ಗದ ಗಿಡವನ್ನು ನಿವೃತ್ತಿಗೆ ಮೊದಲು ಕಂಡೇ ತೀರಬೇಕೆಂಬ ಹಟ ಅವರದು. ಅದಕ್ಕಾಗಿ ತಳಕಲ್ ಹತ್ತಿರ ಒಂದು ರೋಗದ ಮಡಿ ಮಾಡಿದ್ದರು. ಸೊರಗಿ ಸತ್ತ ಗಿಡಗಳನ್ನು ಎಲ್ಲೆಲ್ಲಿಂದಲೋ ತಂದು ಅದರ ಮಣ್ಣಿಗೆ ಸೇರಿಸಿ, ಬಗೆಬಗೆಯ ಹತ್ತಿ ಬಿತ್ತಿ, ಯಾವುದು ಉಳಿಯುತ್ತದೆಂದು ಕಾಯುವುದು.

ಒಮ್ಮೆ ಹನುಮಸಾಗರದಲ್ಲಿ ಅಂಥ ಗಿಡಗಳ ಚೀಲದೊಡನೆ ಬಸ್ಸು ಹತ್ತಿದೆವು.

"ಚೀಲದಾಗ ಏನೈತ್ರೀ ಸರ?" ಎಂದ ಕಂಡಕ್ಟರ್.

"ರೋಗ ಐತ್ರಿ. ಭಾಳ ಛಲೋ ರೋಗ!"

ಸುತ್ತಲಿನ ಸೀಟುಗಳು ಖಾಲಿಯಾದವು. ಸರ್ ಕಾಲು ಚಾಚಿ ಕುಳಿತರು.

ಅವರ ಕೊನೆಯ ಹಂಗಾಮಿನಲ್ಲಿ ರೋಗ ಜೋರಾಗಿ ಹಿಡಿಯಿತು. ನಾವು ಹಬ್ಬ ಮುಗಿಸಿ ಬಂದು ನೋಡಿದರೆ ಹೊಸದಾಗಿ ಒಂದು ಗಿಡವೂ ಬಾಡಿಲ್ಲ! ಪಕ್ಕದ ಹೊಲದ ಶರಣಪ್ಪ ಹೆಮ್ಮೆಯಿಂದ ಬಂದ. "ನಿಮ್ಮ ಗಿಡ ಸಾಯಾಕ ಹತ್ತಿದ್ವು, ನೋಡಾಕ ಆಗ್ಲಿಲ್ರಿ ಸರ. ಎಲ್ಲಾದರ ಬುಡಕ್ಕೂ ಔಷಧ ಹಾಕೀನಿ."

ಯಾವ ಗಿಡ ತನ್ನ ಬಲದಿಂದ ಉಳಿಯಿತು, ಯಾವುದು ಔಷಧದಿಂದ ಎಂದು ಇನ್ನು ತಿಳಿಯುವಂತಿರಲಿಲ್ಲ. ನನಗೆ ಅಳುವೇ ಬಂತು. ಸರ್ ಬದುವಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಶರಣಪ್ಪಾ, ಈ ಮಡಿಗೆ ನಿನ್ನ ಒಳ್ಳೇತನಾನ ದೊಡ್ಡ ರೋಗ ಆತು ನೋಡೋ!" ನನ್ನತ್ತ ತಿರುಗಿ, "ಬರೋ ವರ್ಷ ಮತ್ತ ಬಿತ್ತವ್ವಾ. ರೋಗ ಬಂದ ಕೂಡ್ಲೆ ಫೋನ್ ಹಚ್ಚು" ಎಂದರು.

ಬಿತ್ತನೆಗೆ ಮೊದಲೇ ಅವರು ತೀರಿಕೊಂಡರು.

ಈ ವರ್ಷ ಮಡಿಗೆ ಶರಣಪ್ಪನೇ ಕಾವಲು. ಔಷಧದ ಡಬ್ಬಿ ಹಿಡಿದು ಯಾರೂ ಹತ್ತಿರ ಸುಳಿಯುವಂತಿಲ್ಲ. ಮೊನ್ನೆ ಅವನು ಕೂಗಿದ: "ಅಕ್ಕಾರ, ಲಗೂ ಬರ್ರಿ! ರೋಗ ಬಂತ್ರಿ!" ಓಡಿದೆ. ಎಲ್ಲ ಬಾಡಿ ಜೋತುಬಿದ್ದಿತ್ತು. ನಡುವೆ ಒಂದು ಸಾಲು ಮಾತ್ರ ಹಸಿರಾಗಿ, ಮೈತುಂಬ ಕಾಯಿ ಹೊತ್ತು ನಿಂತಿತ್ತು!

ಯೋಚಿಸದೆ ಸರ್ ನಂಬರಿಗೆ ಫೋನ್ ಹಚ್ಚಿಬಿಟ್ಟೆ. ಎತ್ತಿದ್ದು ಅವರ ಹೆಂಡತಿ. ನಾನು ತಡವರಿಸುತ್ತ ವಿಷಯ ಹೇಳಿದೆ.

"ತಡಿಯವ್ವಾ, ಅವರ ಫೋಟೋದ ಮುಂದ ಹಿಡೀತೀನಿ. ಜೋರಾಗಿ ಹೇಳು."

ಹೊಲದ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದೆ: "ಬಂತ್ರೀ ಸರ, ರೋಗ ಬಂತು! ಒಂದು ಸಾಲು ನಿಂತೈತ್ರಿ!"